ಸೋತು ತಂದ ಕೈ

ನಮ್ಮೂರಿನಲ್ಲಿ ಸಂಬಂಧ ಕೂಡಿಸುವವರು ಜಾತಕಕ್ಕೂ ಮೊದಲು ಕೇಳುವುದು ಒಂದೇ ಮಾತು: "ಹುಡುಗ ಕಡೀಕ ಯಾರ ಹತ್ರ ಸೋತಾನ?" ಸೋತದ್ದು ಚದುರಂಗದಲ್ಲಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಊರಿನ ಸೀಮೆಯೊಳಗೆ ಕುಳಿತು ಆಡಿ ಸೋತವರಿಗೆ ಗೆದ್ದವರ ಒಂದು ಚಟವೋ ಕೈಗುಣವೋ ಅಂಟಿಕೊಂಡು ಬರುತ್ತದೆ. ಗೆದ್ದವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಸೋತವರು ಮಾತ್ರ ಅದುವರೆಗೆ ಹೊತ್ತಿದ್ದ ಎರವಲನ್ನು ಇಳಿಸಿ ಹೊಸದನ್ನು ಹೊತ್ತು ಮನೆಗೆ ಹೋಗುತ್ತಾರೆ, ಏಕೆಂದರೆ ಒಬ್ಬರ ಮೈಮೇಲೆ ಒಂದು ಹೊತ್ತಿಗೆ ಒಂದೇ ಎರವಲು ನಿಲ್ಲುತ್ತದೆ. ಬೇಕೆಂದೇ ಸೋತವರಿಗೆ ಏನೂ ಬರುವುದಿಲ್ಲ, ಅವರಿಂದ ಏನೂ ಹೋಗುವುದೂ ಇಲ್ಲ. ಕಾಲುವೆ ದಾಟಿ ಆಚೆ ದಂಡೆಗೆ ಹೋದರೆ ಚದುರಂಗ ಬರೀ ಚದುರಂಗ.

ತಂಬಾಕಿನ ಬಸಲಿಂಗಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು, ಅವನ ಕೆಮ್ಮು ಮಾತ್ರ ಇನ್ನೂ ಊರಲ್ಲಿ ಓಡಾಡುತ್ತಿದೆ. ಈಗ ಅದು ಅಂಚೆ ಹಂಚುವ ಫಕೀರಗೌಡನ ಬಳಿ ಇದೆ. ಹೇಗಾದರೂ ಯಾರಿಗಾದರೂ ಸೋತು ಅದನ್ನು ಇಳಿಸಬೇಕೆಂದು ಪ್ರತಿ ಭಾನುವಾರ ಕೂರುತ್ತಾನೆ. ಪಾಪ, ಆಡಿ ಆಡಿ ಆಟ ಸುಧಾರಿಸಿಬಿಟ್ಟಿದೆ. ಗೆಲ್ಲುತ್ತಲೇ ಇದ್ದಾನೆ, ಕೆಮ್ಮು ಇನ್ನೂ ಮೂರು ಮನೆಗೆ ಹಬ್ಬಿದೆ. ಪದ ಹಾಡುವ ಕಾಶೀಬಾಯಿಗೆ ಸೋತ ಇಬ್ಬರು ಹೆಂಗಸರು ಆವತ್ತಿನಿಂದ ಕಾಯಿ ಮುಟ್ಟಿಲ್ಲ. ಒಳ್ಳೆಯದು ಬಂದವರು ಆಟ ಬಿಡುತ್ತಾರೆ, ಕೆಟ್ಟದ್ದು ಬಂದವರು ದಿನಾ ಆಡುತ್ತಾರೆ. ಹಾಗಾಗಿ ದಿನಾ ಆಡುವವರನ್ನು ಕಂಡರೆ ನಮ್ಮ ಜನ ತುಸು ದೂರವೇ ಕೂರುವುದು. ಹೆಚ್ಚಾಗಿ ದಾಟುವುದು ಆಟಕ್ಕೆ ಕೂರುವ ಮೊದಲು ಗೆದ್ದವರು ಕಟ್ಟಕಡೆಗೆ ಮಾಡಿದ ಕೆಲಸ. ಅದಕ್ಕೇ ಪಂದ್ಯದ ದಿನ ಸಭಾಮಂದಿರದ ಮೆಟ್ಟಿಲ ಮೇಲೆ ಒಬ್ಬರು ಹೂ ಕಟ್ಟುತ್ತಾ, ಒಬ್ಬರು ರಾಗ ಎಳೆಯುತ್ತಾ ಕುಳಿತಿರುತ್ತಾರೆ. ತಮ್ಮಲ್ಲಿ ಒಳ್ಳೆಯದೇನೂ ಇಲ್ಲ ಎಂದುಕೊಂಡವರು ಕೈಕಟ್ಟಿ ಸುಮ್ಮನಿರುತ್ತಾರೆ.

ನನ್ನ ಹೆಸರು ಕಸ್ತೂರಿ. ತೂಬಿನ ಬಳಿ ನಿಂತು ಕಾಲುವೆಯ ನೀರಿನ ಮಟ್ಟ ನೋಡಿ ಬೆಳಿಗ್ಗೆ ಸಂಜೆ ಬರೆದಿಡುವುದು ನನ್ನ ನೌಕರಿ. ಹನ್ನೊಂದನೆಯ ವಯಸ್ಸಿನಲ್ಲಿ, ಆಟ ಕಲಿಸಿದ ಗುರುಪಾದಯ್ಯ ಮಾಸ್ತರರಿಗೆ ಕೊನೆಯ ಸಲ ಸೋತೆ. ಅವರಿಂದ ನನಗೆ ಬಂದದ್ದು ವಸ್ತುಗಳನ್ನು ಸಾಲಾಗಿ ಜೋಡಿಸುವ ಚಟ. ಮೇಜಿನ ಮೇಲೆ ಪೆನ್ಸಿಲ್ಲು ಸೊಟ್ಟ ಬಿದ್ದಿದ್ದರೆ ನನಗೆ ಮಾತು ಮುಂದುವರಿಸಲಾಗುವುದಿಲ್ಲ. ಆಮೇಲೆ ಮೂವತ್ತೆರಡು ವರ್ಷ ಊರೊಳಗೆ ನನ್ನನ್ನು ಯಾರೂ ಸೋಲಿಸಲಿಲ್ಲ. ನನಗೆ ಸೋತವರಿಗೆಲ್ಲ ಮಾಸ್ತರರ ಚಟವೇ ದಾಟಿತು. ನಮ್ಮೂರ ಕಿರಾಣಿ ಅಂಗಡಿಗಳಲ್ಲಿ ಡಬ್ಬಿಗಳು ಗೆರೆ ಎಳೆದ ಹಾಗೆ ನಿಂತಿರುವುದನ್ನು ಕಂಡು ಹೊರಗಿನವರು ಮೆಚ್ಚುತ್ತಾರಲ್ಲ, ಅದಕ್ಕೆ ಕಾರಣ ನಾನು. ಇದರಲ್ಲಿ ಹೆಮ್ಮೆ ಪಡುವಂಥದ್ದು ಇಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಸಾಕಷ್ಟು ಪಟ್ಟಿದ್ದೇನೆ.

ಅವ್ವನಿಗೆ ಆಟ ಕಲಿಸಿದವಳು ನಾನೇ. ಹನ್ನೆರಡು ವರ್ಷದವಳಿಗೆ ಮನೆಯಲ್ಲಿ ಎದುರಾಳಿ ಬೇಕಿತ್ತು, ಹಿಡಿದು ಕೂರಿಸಿದೆ. ಸಂಜೆ ದೀಪ ಹಚ್ಚಿ, ರೊಟ್ಟಿ ಬುಟ್ಟಿ ಮುಚ್ಚಿಟ್ಟು ಅವಳು ಎದುರಿಗೆ ಕೂರುತ್ತಿದ್ದಳು. ನಾನು ನೌಕರಿಗೆ ಸೇರುವ ತನಕ, ಸುಮಾರು ಹತ್ತು ವರ್ಷ, ಹೆಚ್ಚುಕಡಿಮೆ ದಿನವೂ ಒಂದು ಆಟ. ಒಂದರಲ್ಲೂ ಗೆಲ್ಲಲಿಲ್ಲ. ಕುದುರೆಯನ್ನು ತೆಗೆದುಕೊಂಡು ಹೋಗಿ ಹಲಗೆಯ ಅಂಚಿಗೆ ನಿಲ್ಲಿಸುವುದು ಅವಳ ಖಾಯಂ ತಪ್ಪು. "ಅಂಚಿನ ಕುದುರಿ ಕುಂಟ ಕುದುರಿ ಅವ್ವಾ, ಎಷ್ಟ ಸಲ ಹೇಳಬೇಕು?" ಎಂದು ನಾನು ಗದರಿದರೆ, "ಹೌದಲ್ಲ, ನನಗ ತಿಳೀಲೇ ಇಲ್ಲ ನೋಡು," ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾಳೆ ಮತ್ತೆ ಅದೇ ಅಂಚು. ದಡ್ಡಿ ಎಂದು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಆದರೆ ಅಂದುಕೊಳ್ಳುತ್ತಿದ್ದೆ.

ಅವ್ವನ ರೊಟ್ಟಿ ಮಾತ್ರ ಓಣಿಗೆಲ್ಲ ಗೊತ್ತು. ಬಡಿಯುವ ಸದ್ದಿಗೇ ಒಂದು ನಡೆ ಇತ್ತು. ಎರಡು ಪೆಟ್ಟು, ಒಂದು ತಿರುವು, ಅಂಗೈಯ ಬುಡದಿಂದ ಇನ್ನೊಂದು ಪೆಟ್ಟು, ಆಮೇಲೆ ಉಸಿರು ಎಳೆದುಕೊಂಡಷ್ಟು ಬಿಡುವು. ಆ ಸದ್ದಿಗೇ ನಾನು ಏಳುತ್ತಿದ್ದೆ. ನನಗೂ ಕಲಿಸು ಎಂದು ಒಂದೆರಡು ಸಲ ಹಟ ಹಿಡಿದದ್ದುಂಟು. "ನಿನ್ನ ಕೈ ಬ್ಯಾರೆ ಕೆಲಸಕ್ಕ ಇರಲಿ, ಹೋಗು," ಎಂದು ಓಡಿಸಿದಳು. ಒಲೆಯ ಹಿಂದಿನ ನಾಗೊಂದಿಗೆಯ ಮೇಲೆ ಅವಳ ಡಬ್ಬಿಗಳು ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ನಾನು ಸಂಜೆ ಸಾಲಾಗಿಟ್ಟರೆ ಬೆಳಿಗ್ಗೆ ಮತ್ತೆ ಚೆಲ್ಲಾಪಿಲ್ಲಿ. ಅದಕ್ಕೂ ಅವಳ ಮೇಲೆ ರೇಗಿದ್ದೇನೆ. ಬಟ್ಟೆ ಒಗೆಯಲು ನಮ್ಮ ದಂಡೆಯಲ್ಲೇ ಒಳ್ಳೆಯ ಮೆಟ್ಟಿಲಿದ್ದರೂ ಸೇತುವೆ ದಾಟಿ ಆಚೆ ದಂಡೆಯ ಬಂಡೆಗೇ ಹೋಗುವಳು, ಬರುವಾಗ ಮಧ್ಯಾಹ್ನ ಮಾಡುವಳು. ಹಳೆಯ ಕಾಲದ ಹೆಂಗಸಿನ ಹುಚ್ಚು ಎಂದು ಬಿಟ್ಟುಬಿಟ್ಟಿದ್ದೆ.

ಸುತ್ತಿನ ಏಳು ಊರುಗಳು ಸರದಿಯ ಮೇಲೆ ವರ್ಷಕ್ಕೊಂದು ಊರಲ್ಲಿ ನಡೆಸುವ ಪಂದ್ಯವನ್ನು ಏಳೂರ ಪಂದ್ಯ ಎನ್ನುತ್ತೇವೆ. ಆಡುವವರೆಲ್ಲ ದರ್ಜಿಗಳು, ಶಾಲೆಯ ಮಾಸ್ತರರು, ಔಷಧಿ ಅಂಗಡಿಯವರು, ಗಿರಣಿಯವರು. ಗೆದ್ದರೆ ಕಂಚಿನ ತಂಬಿಗೆ. ಸರದಿ ನಮ್ಮೂರಿಗೆ ಬರುವುದು ಏಳು ವರ್ಷಕ್ಕೊಮ್ಮೆ. ನಮ್ಮಲ್ಲಿ ಮಾತ್ರ ಒಂದು ವಿಶೇಷ ಪದ್ಧತಿ ಇದೆ: ಮೊದಲ ಸುತ್ತಿನಲ್ಲಿ ಹೊರಗಿನಿಂದ ಬಂದವರೇ ತಮ್ಮ ಎದುರಾಳಿಯನ್ನು ಆರಿಸಿಕೊಳ್ಳಬಹುದು, ಆ ಒಂದು ಆಟ ಮುಗಿಸಿ ಬೇಕಾದರೆ ಎದ್ದು ಹೋಗಬಹುದು. ಪರಊರಿಗೆ ಬಂದು ಯಾರದೋ ಗೊರಕೆ ಹೊತ್ತುಕೊಂಡು ಹೋಗು ಎನ್ನುವುದು ಮರ್ಯಾದೆಯಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ನಮ್ಮೂರಲ್ಲಿ ಪಂದ್ಯವಾದಾಗ ಆಟಗಾರರ ಲೆಕ್ಕ ಬೆಸವಾಗಿ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಯಾರೋ ಎಬ್ಬಿಸಿಕೊಂಡು ಬಂದರು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಹೊರಗಿನ ಒಬ್ಬ ಹಮಾಲಿ ಅವಳನ್ನೇ ಆರಿಸಿಕೊಂಡ. ಅವ್ವ ಅವನನ್ನು ಸೋಲಿಸಿದಳು. ಪಂದ್ಯದಲ್ಲೆಲ್ಲ ಸೋತು ಕಡೆಯ ಮೇಜಿಗೆ ಬೀಳುವವನಲ್ಲವೇ, ಕುರುಡನ ಕಲ್ಲೂ ಒಮ್ಮೊಮ್ಮೆ ತಾಗುತ್ತದೆ ಎಂದುಕೊಂಡೆ. ಮುಂದಿನ ಸುತ್ತಿಗೆ ಕರೆದರೆ, "ಒಲ್ಲೆಪ್ಪಾ, ಒಲಿ ಮ್ಯಾಲೆ ಹಂಚ ಬಿಟ್ಟ ಬಂದೇನಿ," ಎಂದು ಎದ್ದು ಹೋದಳು. ಮತ್ತೆಂದೂ ಪಂದ್ಯಕ್ಕೆ ಬರಲಿಲ್ಲ.

ಅವ್ವ ಹೋಗಿ ಎಂಟು ವರ್ಷವಾಯಿತು. ಅವಳು ಹೋದ ಮೇಲೆ ಡಬ್ಬಿಗಳನ್ನು ಸಾಲಾಗಿ ಜೋಡಿಸಿದೆ, ಸಾಲು ಕೆಡಿಸುವವರಿಲ್ಲದ್ದಕ್ಕೆ ಅಡುಗೆಮನೆಗೆ ಹೋಗುವುದೇ ಬೇಡವೆನಿಸಿತು. ನಾನು ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ನಾಲ್ಕು ಚೂರು. ಊರಲ್ಲಿ ಎಲ್ಲರ ಮೈಮೇಲೂ ಯಾರದೋ ಒಂದು ತುಣುಕು ಇದೆ. ಪಕ್ಕದ ಮನೆಯ ಹುಡುಗಿ ಸತ್ತ ಅಜ್ಜಿಯ ಹಾಗೆ ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ನನ್ನ ಬಳಿ ಅವ್ವನದೇನೂ ಇರಲಿಲ್ಲ, ಏಕೆಂದರೆ ಒಂದೇ ಒಂದು ಸಲವೂ ಅವಳಿಗೆ ನಾನು ಸೋಲಲಿಲ್ಲ. ಅವಳ ಕೈಗೆ ಒಂದು ಸಲ ಸೋತಿದ್ದರೆ ಸಾಕಿತ್ತು. ಅವ್ವ ಅಷ್ಟು ಕೆಟ್ಟದಾಗಿ ಆಡುತ್ತಿದ್ದಳಲ್ಲ ಎಂದು ಅವಳ ಮೇಲೇ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಏಳೂರ ಪಂದ್ಯ ನಡೆದದ್ದು ಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಇನ್ನೊಂದು ಊರಲ್ಲಿ. ಎರಡನೇ ಸುತ್ತು ಮುಗಿಸಿ ಊಟಕ್ಕೆ ಒಂದು ಖಾನಾವಳಿಗೆ ಹೋದೆ. ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಸದ್ದು ಬಂತು. ಎರಡು ಪೆಟ್ಟು, ಒಂದು ತಿರುವು, ಅಂಗೈ ಬುಡದ ಪೆಟ್ಟು, ಬಿಡುವು. ನಲ್ಲಿ ತಿರುಗಿಸುವುದನ್ನು ಮರೆತು ನಿಂತೆ. ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅರವತ್ತರ ಹತ್ತಿರದ, ದಪ್ಪ ಮೀಸೆಯ ಭಾರೀ ಆಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನನ್ನ ಅವ್ವನ ಹಾಗೆ ರೊಟ್ಟಿ ಬಡಿಯುತ್ತಿದ್ದ.

"ಏನ ಬೇಕಾಗಿತ್ರಿ?" ಎಂದ.

"ಈ ಕೈ ಎಲ್ಲಿಂದ ಬಂತು ನಿಮಗ?"

ಅವನು ಹಿಟ್ಟಿನ ಕೈ ನೋಡಿಕೊಂಡ. "ಸೋತು ತಂದದ್ದು. ಇಪ್ಪತ್ತ ವರ್ಷದ ಮ್ಯಾಲಾತು. ಹತ್ತಿ ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡತಿದ್ದೆ ಆಗ. ನಿಮ್ಮೂರಾಗ ಪಂದ್ಯಕ್ಕ ಬಂದಾಗ ಒಬ್ಬಾಕಿ ಹೆಣ್ಮಗಳು ಹಿಟ್ಟಿನ ಕೈಲೆ ಬಂದು ಕುಂತಿದ್ಲು. ಹೊಟ್ಟಿ ಹಸದಿತ್ತು. ಸೋತರೂ ರೊಟ್ಟಿ ಬಂದೀತು ಅಂತ ಅಕೀನ್ನ ಆರಿಸಿಕೊಂಡೆ."

"ಅಕಿ ನಮ್ಮವ್ವ," ಎಂದೆ.

ಆತ ಎದ್ದು ನಿಂತ. ಹೆಸರು ದುಂಡಪ್ಪ ಎಂದು ಹೇಳಿದ. ಆ ಕೈ ಬಂದ ಮೇಲೆ ಮೂಟೆ ಹೊರುವುದನ್ನು ಬಿಟ್ಟು ಈ ಖಾನಾವಳಿ ಇಟ್ಟನಂತೆ, ಕೈ ಹೋದೀತೆಂಬ ಭಯಕ್ಕೆ ನಮ್ಮೂರಿಗೆ ಮತ್ತೆ ಕಾಲಿಟ್ಟಿರಲಿಲ್ಲವಂತೆ. ಆದರೆ ಆಟದ ಹುಚ್ಚು ಹೋಗಿರಲಿಲ್ಲ. ಬೇರೆ ಊರುಗಳ ಪಂದ್ಯಕ್ಕೆಲ್ಲ ಹೋಗುತ್ತಾನೆ, ಎಲ್ಲದರಲ್ಲೂ ಕಡೆಯ ಮೇಜು. ಮೊದಲ ಮೇಜಿನ ನನ್ನ ಗುರುತು ಅವನಿಗಿತ್ತು, ಆ ತುದಿಯ ಕಡೆ ನಾನು ಕಣ್ಣೆತ್ತಿದ್ದಿಲ್ಲ. ಗೆದ್ದವರು ಮೇಲಿನ ಮೇಜಿಗೆ ಏರುತ್ತಾ, ಸೋತವರು ಕೆಳಗೆ ಇಳಿಯುತ್ತಾ ಹೋಗುವುದು ನಮ್ಮ ಪಂದ್ಯದ ಕ್ರಮ. ಮೂವತ್ತೆರಡನೆಯದೇ ಕೊನೆ, ನೀರಿನ ಕೊಡದ ಪಕ್ಕ. ಅವತ್ತೂ ದುಂಡಪ್ಪ ಎರಡು ಸುತ್ತು ಅಲ್ಲೇ ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಒಲೆಗೆ ಓಡಿಬಂದಿದ್ದ. ನನ್ನ ಎಲೆಗೆ ಬಿಸಿ ರೊಟ್ಟಿ ಹಾಕಿದ. ಏಳು ತಿಂದೆ. ಮಧ್ಯೆ ಅತ್ತೆ. ಅವನು ನೋಡದವನ ಹಾಗೆ ಪಲ್ಯ ಬಡಿಸಿದ.

ತಿಂದು ಕೈ ತೊಳೆದವಳೇ ನನಗೆ ಬೇಕಾದದ್ದನ್ನು ಕೇಳಿದೆ. ಮುಂದಿನ ವರ್ಷ ಸರದಿ ನಮ್ಮೂರದು. ಅವನು ಬರಬೇಕು, ಮೊದಲ ಸುತ್ತಿಗೆ ನನ್ನನ್ನು ಆರಿಸಬೇಕು, ನನ್ನನ್ನು ಸೋಲಿಸಬೇಕು. ಆಗ ಅವ್ವನ ಕೈ ನನಗೂ ಬರುತ್ತದೆ.

"ನಿಮ್ಮನ್ನ ಸೋಲಸೂದು?" ದುಂಡಪ್ಪ ನಗಲೂ ಇಲ್ಲ. "ನಾ ಸೋತ್ರ ಏನಾಕ್ಕೈತಿ ಗೊತ್ತಲ್ಲ. ಈ ಕೈ ಹೋಗತೈತಿ, ನಾ ಡಬ್ಬಿ ಜೋಡಿಸ್ಕೋತ ಕುಂದರಬೇಕು. ಆಮ್ಯಾಲೆ ಇದು ನಿಮಗೂ ಇಲ್ಲ, ನನಗೂ ಇಲ್ಲ. ಭೂಮಿ ಮ್ಯಾಲೇ ಇರಂಗಿಲ್ಲ."

"ಅದಕ್ಕ ಮೊದಲ ಕಲಸ್ತೇನಿ. ನಿಮ್ಮ ಊರಾಗ, ಇಲ್ಲೇ. ಇಲ್ಲಿ ಎಷ್ಟ ಸೋತರೂ ಏನೂ ಹೋಗಂಗಿಲ್ಲ."

"ನೀವ ಸುಮ್ನ ಸೋತುಬಿಟ್ರ?"

"ಬೇಕಂತ ಸೋತ್ರ ನನಗೇನೂ ಬರಂಗಿಲ್ಲ. ನಿಜವಾಗ್ಲೂ ನೀವು ನನಗಿಂತ ಚಲೋ ಆಡಬೇಕು. ಒಂದ ಆಟ, ಒಂದ ದಿನ."

ಅವನು ತೋಳು ತಿಕ್ಕಿಕೊಂಡ. ಬಲ ತೋಳು ನೋಯುತ್ತದೆ, ಇನ್ನು ಎಷ್ಟು ವರ್ಷ ಬಡಿದೇನೋ ಎಂದ. ಕೆಲಸದವರಿಗೆ ಕಲಿಸಲು ನೋಡಿದೆ, ಯಾರ ಕೈಗೂ ಹತ್ತಲಿಲ್ಲ ಎಂದ. ಕಡೆಗೆ ಇನ್ನೊಂದು ಮಾತು ಹೇಳಿದ, ಒಪ್ಪಿಸಿದ್ದು ಅದೇ ಇರಬೇಕು: "ಇಪ್ಪತ್ತ ವರ್ಷ ನೀರಿನ ಕೊಡದ ಬಾಜೂಕ ಕುಂತೇನ್ರಿ. ನೀರ ಕುಡ್ಯಾಕ ಬಂದಾವರೆಲ್ಲ ನನ್ನ ಹಲಗಿ ನೋಡಿ ನಕ್ಕ ಹೋಗತಾರ. ಒಮ್ಮೆ ನಡೂವಿನ ಮೇಜಿನ್ಯಾಗ ಕುಂದರಬೇಕು." ಅವ್ವನ ಕೈಯನ್ನೂ ಸೇರಿಸಿ ಇಬ್ಬರ ಬದುಕನ್ನು ಒಂದು ಆಟಕ್ಕೆ ಒಡ್ಡುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಖಾಸಗಿಯಾಗಿ ಆಡಿದರೆ ನನ್ನ ಬೆರಳು ನನಗೇ ತಿಳಿಯದೆ ಸೋಲಿನ ಕಡೆಗೆ ವಾಲಬಹುದೆಂಬ ಅಂಜಿಕೆ. ಏಳೂರ ಕಣ್ಣೆದುರು, ಗಡಿಯಾರ ಇಟ್ಟುಕೊಂಡು, ಒಂದೊಂದು ನಡೆಯನ್ನೂ ಬರೆಯುತ್ತಾ ಆಡಿದರೆ ಸುಳ್ಳು ಆಡುವುದು ನನ್ನಿಂದಾಗದು. ಅಷ್ಟು ಜಂಬ ನನ್ನಲ್ಲಿದೆ.

ಬುಧವಾರ ನನಗೆ ರಜೆ. ಪ್ರತಿ ಬುಧವಾರ ಹತ್ತೂವರೆಯ ಬಸ್ಸು ಹಿಡಿದು ಹೋಗುತ್ತಿದ್ದೆ. ಊಟದ ಗದ್ದಲ ಮುಗಿದ ಮೇಲೆ ಖಾನಾವಳಿಯ ಕಟ್ಟೆಯ ಮೇಲೆ ಹಲಗೆ ಹಾಸುತ್ತಿದ್ದೆವು. ಮೊದಲ ಹತ್ತು ಆಟದಲ್ಲಿ ಅವನ ರೋಗ ಗೊತ್ತಾಯಿತು. ದುಂಡಪ್ಪ ಬಡಿಸುವವನು. ಖಾಲಿ ಮನೆ ಕಂಡರೆ ಅವನಿಗೆ ತಡೆಯುವುದಿಲ್ಲ, ಎಲೆಯ ಮೇಲೆ ಖಾಲಿ ಜಾಗ ಕಂಡಹಾಗೆ ಅಲ್ಲಿಗೆ ಏನಾದರೂ ತಂದು ಇಡುತ್ತಾನೆ. ರಾಜನ ಮುಂದೆ ಒಂದು ಮನೆ ಬಿಡುವಾಗಿದ್ದರೆ ಸಾಕು, ಕಾಲಾಳು ತಂದು ತುಂಬಿದ. ಹಾಗೆ ತುಂಬಿ ತುಂಬಿ ತನ್ನ ಕುದುರೆಗೆ ತಾನೇ ದಾರಿ ಇಲ್ಲದಂತೆ ಮಾಡಿಕೊಳ್ಳುತ್ತಿದ್ದ.

"ಖಾಲಿ ಇದ್ರ ಖಾಲಿ ಇರಲಿ ದುಂಡಪ್ಪಾವ್ರ. ಅದೇನ ಉಪಾಸ ಇಲ್ಲ."

"ನೋಡಾಕ ಆಗೂದಿಲ್ರಿ."

"ಕೈ ಕಾಲ ಕೆಳಗ ಇಟ್ಕೊಂಡ ಕುಂದರ್ರಿ."

ನಿಜವಾಗಿಯೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದ. ನೂರಕ್ಕೆ ಎಣಿಸಿ ಆಮೇಲೆ ಕೈ ತೆಗೆಯಬೇಕು ಎಂದು ಒಪ್ಪಂದ. ಮೊದಮೊದಲು ಮೂವತ್ತಕ್ಕೇ ಬೆವರುತ್ತಿದ್ದ. ಗಿರಾಕಿಗಳು ಹಲ್ಲುಕಡ್ಡಿ ಕಚ್ಚಿಕೊಂಡು ಸುತ್ತ ನಿಂತು ಎಣಿಕೆಗೆ ದನಿಗೂಡಿಸುತ್ತಿದ್ದರು. ಅರವತ್ತಕ್ಕೆ ಅರಳುಮರಳು ಎಂದು ಯಾರಾದರೂ ಕೆಣಕಿದರೆ, "ಇದು ಮರಳಲ್ಲಪಾ, ಮೇಲಿನ ಮೇಜಿಗೆ ದಾರಿ," ಎಂದು ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡುವನು. ಸಂತೆ ದಿನಗಳಲ್ಲಿ ಆಸುಪಾಸಿನ ಊರುಗಳಲ್ಲಿ ಸಣ್ಣ ಪಂದ್ಯಗಳಿರುತ್ತವೆ, ಇಬ್ಬರೂ ಹೋಗುತ್ತಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಇಪ್ಪತ್ತಾರನೆಯ ಮೇಜು. ದೀಪಾವಳಿಗೆ ಹತ್ತೊಂಬತ್ತು. ಸಂಕ್ರಾಂತಿ ಕಳೆದು ಒಂದು ಪಂದ್ಯದಲ್ಲಿ ಹದಿನಾಲ್ಕನೆಯ ಮೇಜಿನಲ್ಲಿ ಕುಳಿತ. ಅವತ್ತು ನೀರು ಕುಡಿಯಲು ತಾನೇ ಎದ್ದು ನಡೆದು ಹೋಗಿ, ಕೊಡದ ಪಕ್ಕ ಆಡುತ್ತಿದ್ದವನ ಹಲಗೆ ನೋಡಿ, ನಗದೆ ಬಂದ. ಅದನ್ನು ನನಗೆ ಎರಡು ಸಲ ಹೇಳಿದ. ಇತ್ತ ನಮ್ಮಿಬ್ಬರ ಲೆಕ್ಕ ಹೀಗಿತ್ತು: ವರ್ಷದಲ್ಲಿ ಎಂಬತ್ತೇಳು ಆಟ, ಅವನು ಗೆದ್ದದ್ದು ಮೂರು, ಸಮ ಆದದ್ದು ಆರು.

"ಮೂರು ಸಾಲಂಗಿಲ್ರಿ," ಎಂದ ಕೊನೆಯ ಬುಧವಾರ.

"ಒಂದ ಸಾಕು," ಎಂದೆ. ಧೈರ್ಯ ಹೇಳಿದ್ದು ಅವನಿಗೆ, ಬೇಕಾಗಿದ್ದದ್ದು ನನಗೆ. ಅವತ್ತು ಬಸ್ಸಿನಲ್ಲಿ ಬರುವಾಗ ಈ ಕೆಲಸಕ್ಕೆ ಕೈಹಾಕಬಾರದಿತ್ತು ಎಂದು ಗಟ್ಟಿಯಾಗಿ ಅನ್ನಿಸಿತು. ಎರಡು ಗಂಟೆ ಬಸ್ಸಿನಲ್ಲಿ ಹೋದರೆ ಅವ್ವನ ಸದ್ದು ಕೇಳುತ್ತದೆ, ಅಷ್ಟು ಸಾಲದೇ? ಆದರೆ ಆಸೆ ಎನ್ನುವುದು ಮಾತು ಕೇಳುವ ಪ್ರಾಣಿಯಲ್ಲ.

ಪಂದ್ಯದ ಬೆಳಿಗ್ಗೆ ದುಂಡಪ್ಪ ಸಭಾಮಂದಿರದ ಹಿಂದೆ ಮೂರು ಕಲ್ಲು ಹೂಡಿ ಹಂಚಿಟ್ಟು ರೊಟ್ಟಿ ಬಡಿಯುತ್ತಾ ಕುಳಿತಿದ್ದ. ನಮ್ಮೂರವರಿಗೆ ಅದರ ಅರ್ಥ ಹೇಳಬೇಕಾಗಿರಲಿಲ್ಲ. ಅವ್ವನ ಓಣಿಯ ಮುದುಕಿಯರು ಸದ್ದು ಕೇಳಿ ಬಂದು ನಿಂತರು. ಒಬ್ಬಾಕೆ ಅವ್ವನ ಹೆಸರು ಹಿಡಿದು, "ಸಿದ್ದವ್ವ ಬಂದಾಳಲ್ಲ," ಎಂದಳು. ಗಂಟೆ ಹೊಡೆದಾಗ ಅವನು ಕೈ ತೊಳೆಯದೆ ಎದ್ದು ಒಳಗೆ ಬಂದು, ಆರಿಸುವ ಸುತ್ತಿನಲ್ಲಿ ತನ್ನ ಹೆಸರು ಕರೆದಾಗ ನನ್ನ ಕಡೆಗೆ ಹಿಟ್ಟಿನ ಬೆರಳು ತೋರಿಸಿದ. ಹೊರಗಿನವರು ನಕ್ಕರು. ಫಕೀರಗೌಡ ಕೆಮ್ಮುತ್ತಾ, "ಇಂವಗ ಡಬ್ಬಿ ಜೋಡಸೂ ಹುಚ್ಚ ಯಾಕ ಬಂತಪಾ?" ಎಂದ.

ಬಿಳಿ ಕಾಯಿ ಅವನದು. ಮೊದಲ ಹದಿನೈದು ನಡೆ ಇಬ್ಬರೂ ಬಾಯಿಪಾಠ ಆಡಿದೆವು. ಆಮೇಲೆ ಅವನು ಒಂದು ಕಡೆ ಸಡಿಲ ಬಿಟ್ಟ, ನನಗೆ ಒಂದು ಒಂಟೆ ಸಿಗುವಂತಿತ್ತು. ಆ ನಡೆ ನನಗೆ ಕಂಡಿತು. ನೋಡಿಲ್ಲವೆಂದು ನಟಿಸಬಹುದಿತ್ತು. ಕಂಡದ್ದನ್ನು ಆಡದಿದ್ದರೆ ಮುಂದೆ ಸೋತರೂ ಅದು ಬೇಕೆಂದೇ ಸೋತಂತೆ, ಕೈ ಬರುವುದಿಲ್ಲ. ಆಡಿದರೆ ಗೆದ್ದೇನು, ಕೈ ಭೂಮಿಯಿಂದಲೇ ಹೋಗುತ್ತದೆ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದೆ. ಒಂಟೆಯನ್ನು ಹೊಡೆದೆ. ದುಂಡಪ್ಪ ಒಂದು ಸಲ ನನ್ನ ಮುಖ ನೋಡಿದ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ.

ಅಲ್ಲಿಂದ ನಾನು ನಿಜಕ್ಕೂ ಗೆಲ್ಲಲು ಆಡಿದೆ. ಹೀಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಸ್ವಲ್ಪ ಹೊತ್ತು ಅವ್ವನನ್ನು ಮರೆತೇಬಿಟ್ಟೆ. ಎದುರಿಗೆ ಹಲಗೆ ಇತ್ತು, ನನ್ನ ಕೈ ಮೇಲಾಗಿತ್ತು, ಮೂವತ್ತೆರಡು ವರ್ಷದ ರೂಢಿ ಕುದುರೆಯ ಹಾಗೆ ಓಡಿತು. ಅವನ ರಾಜನ ಪಕ್ಕ ಒಂದು ಮನೆ ಖಾಲಿ ಇತ್ತು. ಅದಕ್ಕೆ ಈಗ ಕಾಲಾಳು ತಂದು ತುಂಬುತ್ತಾನೆ, ತುಂಬಿದ ಮೇಲೆ ಅವನ ಕುದುರೆಗೆ ದಾರಿ ಇಲ್ಲ ಎಂದು ಲೆಕ್ಕ ಹಾಕಿ ನನ್ನ ಆನೆಯನ್ನು ಪೂರಾ ಕೆಳಗಿಳಿಸಿದೆ. ಎಂಬತ್ತೇಳು ಆಟ ಆಡಿದವಳಿಗೆ ಅಷ್ಟು ಗೊತ್ತಿರದೇ?

ದುಂಡಪ್ಪ ನೂರು ಎಣಿಸಿದ. ಇನ್ನೊಂದು ನೂರೂ ಎಣಿಸಿರಬೇಕು. ಕೈ ತೆಗೆದು, ಆ ಖಾಲಿ ಮನೆಯನ್ನು ಹಾಗೇ ಬಿಟ್ಟು, ಇನ್ನೆಲ್ಲೋ ಒಂದು ಸಣ್ಣ ನಡೆ ಆಡಿದ. ನನಗೆ ಅರ್ಥವಾಗಲಿಲ್ಲ. ಎರಡು ನಡೆಯಾದ ಮೇಲೆ ಅವನ ಕುದುರೆ ಅದೇ ಖಾಲಿ ಮನೆಯ ಮೇಲೆ ಕಾಲಿಟ್ಟು ಅಲ್ಲಿಂದ ಜಿಗಿದು ನನ್ನ ರಾಜನಿಗೂ ಆನೆಗೂ ಒಟ್ಟಿಗೇ ಹೊಡೆತ ಇಟ್ಟಿತು. ಆನೆ ಹೋಯಿತು. ನಲವತ್ತೇಳನೆಯ ನಡೆಗೆ ನಾನು ರಾಜನನ್ನು ಮಲಗಿಸಿದೆ.

ಸೋತ ಕೂಡಲೇ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಬಂದದ್ದು ಕೆಂಡದಂಥ ಸಿಟ್ಟು. ನಾನೇ ಕಲಿಸಿದ ಪಾಠದಿಂದ ನನ್ನನ್ನೇ ಹೊಡೆದನಲ್ಲ ಎಂದು ಕಿವಿ ಬಿಸಿಯಾಯಿತು. ಕೈಕುಲುಕಿದಾಗ ಅವನ ಬೆರಳ ಹಿಟ್ಟು ನನ್ನ ಅಂಗೈಗೆ ಹತ್ತಿತು. ಸಿಟ್ಟು ಇಷ್ಟು ಬಂತೆಂದರೆ ಸೋಲು ಅಪ್ಪಟ ಎಂದು ಹೊಳೆದದ್ದು ಆಮೇಲೆ. ದುಂಡಪ್ಪ ಎದ್ದು ಮೇಜಿನ ಸಂಖ್ಯೆ ನೋಡಿದ. ಆರಿಸುವ ಸುತ್ತಾದ್ದರಿಂದ ನನ್ನ ಮೇಜಿನಲ್ಲೇ ಆಡಿದ್ದ. ಅದು ಒಂದನೆಯ ಮೇಜು. "ನಡೂವು ಬರಲೇ ಇಲ್ಲಲ್ರಿ," ಎಂದ. ಮುಂದಿನ ಸುತ್ತುಗಳಿಂದ ಹೆಸರು ತೆಗೆಸಿ, ಹಂಚು ಹೊತ್ತುಕೊಂಡು ನನ್ನ ಜೊತೆ ಮನೆಗೆ ಬಂದ.

ಎಂಟು ವರ್ಷದ ಮೇಲೆ ಅವ್ವನ ಒಲೆಗೆ ಬೆಂಕಿ ಇಟ್ಟೆ. ಹಿಟ್ಟಿಗೆ ಬಿಸಿನೀರು ಹಾಕಿ ನಾದುವಾಗಲೇ ಕೈಗೆ ಗೊತ್ತಾಯಿತು, ತಲೆಗೆ ತಿಳಿಯುವ ಮೊದಲೇ. ಮುದ್ದೆ ಮಾಡಿ ಹಲಗೆಯ ಮೇಲಿಟ್ಟು ಬಡಿದೆ. ಎರಡು ಪೆಟ್ಟು, ಒಂದು ತಿರುವು, ಅಂಗೈಯ ಬುಡ, ಬಿಡುವು. ಸದ್ದು ನನ್ನ ಕೈಯಿಂದಲೇ ಬರುತ್ತಿತ್ತು. ರೊಟ್ಟಿ ಹರಿಯದೆ ಅಗಲವಾಗುತ್ತಾ ಹೋಯಿತು. ನಾನು ಅಳುತ್ತಾ ಬಡಿದೆ, ಬಡಿಯುತ್ತಾ ನಕ್ಕೆ. ದುಂಡಪ್ಪ ಗೋಡೆಗೊರಗಿ ಕುಳಿತು ತೋಳು ತಿಕ್ಕಿಕೊಳ್ಳುತ್ತಿದ್ದ.

"ಮಾಸ್ತರ ಹ್ವಾದ್ರಲ್ರಿ," ಎಂದು ನಾಗೊಂದಿಗೆಯ ಕಡೆ ಗದ್ದ ತೋರಿಸಿದ. ಹಿಟ್ಟಿನ ಡಬ್ಬಿಯನ್ನು ನಾನು ಸೊಟ್ಟಗಿಟ್ಟಿದ್ದೆ, ಮುಚ್ಚಳ ಬೇರೊಂದು ಡಬ್ಬಿಯ ಮೇಲಿತ್ತು. ನನಗೆ ಏನೂ ಅನ್ನಿಸಿರಲಿಲ್ಲ.

"ನಮ್ಮವ್ವನ ನಾಗೊಂದಿಗಿ ಯಾವಾಗ್ಲೂ ಹಿಂಗ ಇರತಿತ್ತು," ಎಂದೆ.

"ಇರಾಕ ಬೇಕಲ್ಲ. ನೀಲಗಂಗವ್ವನ ಕೈ ಬಂದ ಮ್ಯಾಲೆ ಅಕಿ ಯಾರಿಗೂ ಸೋತಾಕಿ ಅಲ್ಲ."

"ಯಾವ ನೀಲಗಂಗವ್ವ?"

ಅವನು ನನ್ನನ್ನು ನೋಡಿದ. "ಈ ಕೈ ನಿಮ್ಮವ್ವಂದಲ್ರಿ. ಅಕೀನೂ ಸೋತು ತಂದದ್ದು. ಹೊಸದಾಗಿ ಮದುವಿ ಆಗಿ ಬಂದಾಗ ಅಕಿ ರೊಟ್ಟಿನೂ ಹರೀತಿದ್ವಂತ, ಅತ್ತಿ ಕಾಟ. ಓಣ್ಯಾಗ ನೀಲಗಂಗವ್ವ ಅಂತ ಮುದಕಿ ಇದ್ಲಂತ, ಅಕಿಗೆ ಸೋಲಾಕಂತ ಆಟ ಕಲ್ತೆ ಅಂದ್ಲು. ಆಮ್ಯಾಲೆ ಆಟದ ರುಚಿ ಹತ್ತಿ ಕಾಲುವಿ ಆಚಿ ಬಟ್ಟಿ ಒಗಿಯೂ ಬಂಡೆಗಲ್ಲಿನ ಮ್ಯಾಲೆ ಮಸೀಲೆ ಆಟದ ಮನಿ ಬರದು ದಿನಾ ಮುದಕಿ ಜೋಡಿ ಆಡತಿದ್ಲಂತ. ಅಲ್ಲಿ ಸೋತರ ಏನೂ ಹೋಗಂಗಿಲ್ಲಲ್ಲ. ನನ್ನ ಸೋಲಿಸಿದ ದಿನ ಅಕಿ ಒಲಿ ಮುಂದ ಕುಂತು ರೊಟ್ಟಿ ತಿನ್ನೂವಾಗ, ನೀವು ಇಷ್ಟ ಚಲೋ ಹ್ಯಾಂಗ ಆಡ್ತೀರಿ ಅಂತ ಕೇಳಿದ್ದಕ್ಕ ಇಷ್ಟೆಲ್ಲ ಹೇಳಿದ್ಲು. ಯಾರಿಗೂ ಹೇಳಬ್ಯಾಡ ಅಂದ್ಲು. ನೀವು ಮಗಳು, ನಿಮಗ ಗೊತ್ತಿರತೈತಿ ಅಂತ ನಾ ಸುಮ್ನಿದ್ದೆ."

"ನನ್ನ ಜೋಡಿ ದಿನಾ ಆಡತಿದ್ಲು. ದಿನಾ ಸೋಲತಿದ್ಲು."

"ಅದನ್ನೂ ಅಂದ್ಲು." ಅವನು ದನಿ ಇಳಿಸಿದ. "'ಖರೇನ ಸೋತ್ರ ಈ ಕೈ ನನ್ನ ಬಿಟ್ಟ ಹೋಗತೈತಿ, ಮನ್ಯಾಗ ಉಪಾಸ. ನಾ ಗೆದ್ರ ಈ ಕೈ ಮಗಳಿಗೆ ಹೋಗತೈತಿ, ಅಕಿ ಜಲ್ಮೆಲ್ಲಾ ಒಲಿ ಮುಂದ ಕುಂದರತಾಳ. ಎರಡೂ ಬ್ಯಾಡ. ಅಕಿ ಆಡಲಿ' ಅಂದ್ಲು."

ನನ್ನ ಕೈ ನಿಂತಿತು. ಹತ್ತು ವರ್ಷದ ಸಂಜೆಗಳು ಒಂದರ ಹಿಂದೊಂದು ಬಂದು ಎದುರಿಗೆ ಕುಳಿತವು. ಊರಲ್ಲಿ ನನಗೆ ಸೋತವರ ಮನೆಯ ಡಬ್ಬಿಗಳೆಲ್ಲ ಸಾಲಾಗಿ ನಿಂತಿದ್ದವು, ಅವ್ವನವು ಮಾತ್ರ ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ದಿನಾ ಕಣ್ಣಿಗೆ ಬೀಳುತ್ತಿತ್ತು. ದಿನಾ ಅದಕ್ಕೇ ಬೈಯುತ್ತಿದ್ದೆ. ನಾನು ಅವಳನ್ನು ಒಂದು ಸಲವೂ ಗೆದ್ದಿರಲಿಲ್ಲ. ನೌಕರಿಗೆ ಸೇರುವ ಹಿಂದಿನ ಸಂಜೆಯ ಆಟ ನನಗೆ ನಡೆನಡೆಯಾಗಿ ನೆನಪಿದೆ. ಇಪ್ಪತ್ತಮೂರನೆಯ ನಡೆಯಲ್ಲಿ ಅವಳ ಕುದುರೆ ನಡುಮಧ್ಯೆ ಗಟ್ಟಿಯಾಗಿ ನಿಂತಿತ್ತು, ಇನ್ನು ಎರಡು ಹೆಜ್ಜೆಗೆ ನನ್ನ ಮಂತ್ರಿ ಹೋಗುತ್ತಿದ್ದ. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು, ಆಮೇಲೆ ಕುದುರೆಯನ್ನು ಮೆಲ್ಲಗೆ ಎತ್ತಿ ಅಂಚಿಗೆ ತಂದಿಟ್ಟಳು. ನಾನು ನಕ್ಕಿದ್ದೆ.

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಬಂತು. ದುಂಡಪ್ಪ ಎದ್ದು ಬಂದು ಅದನ್ನು ಮಗುಚಿ ಹಾಕಿದ.

"ನಿಮಗ ಗೊತ್ತಿರಲಿಲ್ಲೇನ್ರಿ?" ಎಂದು ಕೇಳಿದ.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. "ನನಗ ತಿಳೀಲೇ ಇಲ್ಲ ನೋಡ್ರಿ," ಎಂದೆ.